ಅಪ್ರಿಸಿಟಿಗೆ ಹೊಂಬಿಸಿಲು ಹೊಂದುವುದಿಲ್ಲ

ಮರೆತುಹೋದ ಇಂಗ್ಲಿಷ್ ಪದಗಳ ಲೇಖನ ಓದಿ ಖುಷಿ ಆಯ್ತು ಸರ್. ಆದರೆ 'ಅಪ್ರಿಸಿಟಿ'ಗೆ ನೀವು ಕೊಟ್ಟ 'ಹೊಂಬಿಸಿಲು' ನನಗೆ ಒಪ್ಪಿಗೆಯಾಗಲಿಲ್ಲ. ಹೊಂಬಿಸಿಲು ಕಣ್ಣಿಗೆ ಕಾಣುವ ಬಣ್ಣ, ಅಪ್ರಿಸಿಟಿ ಮೈಗೆ ತಾಗುವ ಕಾವು. 1623ರಲ್ಲಿ ಹೆನ್ರಿ ಕಾಕರಮ್ ತಮ್ಮ ಇಂಗ್ಲಿಷ್ ನಿಘಂಟಿನಲ್ಲಿ ಕೊಟ್ಟ ಅರ್ಥ, ಚಳಿಗಾಲದಲ್ಲಿ ಸೂರ್ಯನ ಬಿಸುಪು ಅಂತ. ಮೂಲ ಲ್ಯಾಟಿನ್ನಿನ 'ಅಪ್ರಿಕಸ್', ಅಂದರೆ ಬಿಸಿಲಿಗೆ ಒಡ್ಡಿಕೊಂಡ. ಏಪ್ರಿಕಾಟ್ ಹಣ್ಣಿನ ಹೆಸರು ಇದರಿಂದ ಬಂದದ್ದಲ್ಲ, ಅದು ಅರಬ್ಬಿ ಮೂಲಕ ಬೇರೆ ದಾರಿ ಹಿಡಿದು ಬಂದದ್ದು.

ರಾಯಚೂರು ಅಂದರೆ ಎಲ್ಲರಿಗೂ ನೆನಪಾಗೋದು ಮೇ ತಿಂಗಳ ಕೆಂಡದಂಥ ಬಿಸಿಲು. ಎಳ್ಳಮಾವಾಸ್ಯೆ ಹೊತ್ತಿಗೆ ಬಂದು ನೋಡಿ. ನಮ್ಮವ್ವ ಬೆಳಿಗ್ಗೆ ಕೌದಿ ಹೊದ್ದು, ಗೋಡೆಗೆ ಬೆನ್ನು ಕೊಟ್ಟು ಕಟ್ಟೆ ಮೇಲೆ ಕೂತಿರ್ತಾಳೆ. ಬಿಸಿಲು ಸರಿದಂಗೆ ಕೌದಿ ಸಮೇತ ತಾನೂ ಸರೀತಾಳೆ. ಕೇಳಿದರೆ "ಬಿಸಲು ಕಾಸ್ಕೊಳ್ಳಾಕತ್ತೀನಿ" ಅಂತಾಳೆ, ಒಲೆ ಮುಂದೆ ಕೂತು ಬೆಂಕಿ ಕಾಸ್ಕೊಂಡಂಗೆ! ಇಂಗ್ಲಿಷಿನ 'ಅಪ್ರಿಕೇಟ್' ಅನ್ನೋ ಹಳೇ ಕ್ರಿಯಾಪದಕ್ಕೆ ಇದಕ್ಕಿಂತ ಸರಿಯಾದ ಕನ್ನಡ ಸಿಗೋದಿಲ್ಲ. ನಾಮಪದ ಬೇಕೇ ಬೇಕು ಅಂದರೆ, ಬಿಸಿಲುಗುದುರೆ ಇದ್ದಂಗೆ 'ಬಿಸಿಲುಗಾವು' ಅಂತ ಮಾಡ್ಕೋಬಹುದಲ್ಲ ಸರ್?