ತುಂಬಿದ ಬಲೆಯ ಸಾಕ್ಷ್ಯ

ಮೀನುಗಾರಿಕೆಗೆ ಮಿತಿ ಹಾಕಬೇಕೆಂಬ ಮಾತು ಎದ್ದಾಗಲೆಲ್ಲ ಒಂದು ವಾದ ತಪ್ಪದೆ ಹಾಜರಾಗುತ್ತದೆ. "ಬಲೆ ತುಂಬಿಯೇ ಬರುತ್ತಿದೆಯಲ್ಲ, ಮೀನು ಎಲ್ಲಿ ಕಡಿಮೆಯಾಗಿದೆ?" ಮೊನ್ನೆ ಗೆಳೆಯರೊಬ್ಬರು ಇದನ್ನೇ ಕೇಳಿದರು. ಎರಡು ಸಾಲಿನಲ್ಲಿ ಉತ್ತರಿಸಲು ಕುಳಿತವನಿಗೆ ಅದು ಆಗಲಿಲ್ಲ, ಹಾಗಾಗಿ ಈ ಬರಹ.

ಕೇಳಲು ಅವರ ಮಾತು ಸರಿಯಾಗಿಯೇ ಇದೆ. ಕಡಲೊಳಗೆ ಇಣುಕಿ ಎಣಿಸಲು ಯಾರಿಗೂ ಆಗುವುದಿಲ್ಲ, ಕೈಗೆ ಸಿಗುವ ಪುರಾವೆ ಬಲೆಯಲ್ಲಿರುವುದೇ. ಆದರೆ ಬತ್ತುತ್ತಿರುವ ಕೆರೆಯನ್ನು ನೆನೆಸಿಕೊಳ್ಳಿ. ಅಲ್ಲಿ ಮೀನು ಹಿಡಿಯುವುದು ತೀರಾ ಸುಲಭವಾಗುವುದು ಯಾವಾಗ? ಒಂದು ಗುಂಡಿಯಷ್ಟು ನೀರು ಉಳಿದಾಗ. ಸಮುದ್ರ ಬತ್ತುವುದಿಲ್ಲ ನಿಜ, ಆದರೆ ಹಿಂಡಾಗಿ ಬದುಕುವ ಎಷ್ಟೋ ಮೀನುಗಳು ಸಂಖ್ಯೆ ಕುಸಿದರೂ ತೆಳುವಾಗಿ ಚದುರಿ ಹೋಗುವುದಿಲ್ಲ. ತಮಗೆ ಒಗ್ಗುವ ಜಾಗಗಳಿಗೆ ಬಂದು ಒತ್ತಾಗಿ ಸೇರುತ್ತವೆ. ಆ ಜಾಗ ದೋಣಿಯವರಿಗೆ ಗೊತ್ತು, ಗೊತ್ತಿಲ್ಲದಿದ್ದರೆ ಶಬ್ದದ ಪ್ರತಿಧ್ವನಿಯಿಂದ ಮೀನು ಪತ್ತೆಮಾಡುವ ಸೋನಾರ್ ತೋರಿಸುತ್ತದೆ. ಹೀಗಾಗಿ ಕಡಲಿನ ಮುಕ್ಕಾಲು ಪಾಲು ಖಾಲಿಯಾದ ಮೇಲೂ ಬಲೆ ಮೊದಲಿನಷ್ಟೇ ತುಂಬುತ್ತದೆ, ಒಂದು ದಿನ ಏಕಾಏಕಿ ಬರಿದಾಗಿ ಮೇಲೆ ಬರುವವರೆಗೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಕಾಡ್ ಮೀನಿನ ಕಥೆ ಇದೇ. 1968ರಲ್ಲಿ ಅಲ್ಲಿ ಹಿಡಿದ ಕಾಡ್ 8 ಲಕ್ಷ ಟನ್ ದಾಟಿತ್ತು, ಬಹುಪಾಲು ದೂರದೇಶಗಳ ದೈತ್ಯ ಟ್ರಾಲರ್‌ಗಳ, ಅಂದರೆ ಬಲೆ ಎಳೆದು ಸಾಗುವ ಹಡಗುಗಳ, ಪಾಲು. 1977ರಲ್ಲಿ ಕೆನಡಾ ತನ್ನ ಮೀನುಗಾರಿಕೆಯ ಗಡಿಯನ್ನು 200 ಮೈಲಿಗೆ ವಿಸ್ತರಿಸಿ ಅವರನ್ನು ಹೊರಗಿಟ್ಟಿತು. ಇನ್ನು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ, ಎಲ್ಲ ಸರಿಹೋಗುತ್ತದೆ ಎಂದು ಜನ ನಂಬಿದರು. ವಿಜ್ಞಾನಿಗಳು ಲೆಕ್ಕವನ್ನೇನೋ ಹಾಕಿದರು. ಆದರೆ ಆ ಲೆಕ್ಕ ನೆಚ್ಚಿಕೊಂಡಿದ್ದ ಮುಖ್ಯ ಆಧಾರಗಳಲ್ಲಿ ಒಂದು ದೊಡ್ಡ ಟ್ರಾಲರ್‌ಗಳು ಗಂಟೆಗೆ ಎಷ್ಟು ಹಿಡಿದವು ಎಂಬ ಅಂಕಿ, ಅಂದರೆ ಅದೇ ತುಂಬಿದ ಬಲೆ. ಸಣ್ಣ ದೋಣಿಗಳಲ್ಲಿ ದಡದ ಬಳಿಯೇ ಹಿಡಿಯುತ್ತಿದ್ದವರು 1980ರ ದಶಕದಲ್ಲಿ ಮೀನು ಕಡಿಮೆಯಾಗುತ್ತಿದೆ, ಗಾತ್ರವೂ ಕುಗ್ಗುತ್ತಿದೆ ಎಂದು ಮತ್ತೆ ಮತ್ತೆ ಹೇಳಿದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ. 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು.

ಇದನ್ನು ಹೇಳಿದೊಡನೆ "ನೋಡಿದಿರಾ, ವಿಜ್ಞಾನವೇ ಕೈಕೊಟ್ಟಿತು" ಎನ್ನುವವರಿದ್ದಾರೆ. ಹೌದು, ಕೈಕೊಟ್ಟಿತು. 1883ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿಯಂಥ ಘಟಾನುಘಟಿಯೇ ಕಾಡ್, ಹೆರಿಂಗ್‌ನಂಥ ದೊಡ್ಡ ಮೀನುಗಾರಿಕೆಗಳು ಬರಿದಾಗುವಂಥವಲ್ಲ ಎಂದು ಲಂಡನ್ನಿನಲ್ಲಿ ಸಾರಿದ್ದ. ನನಗೆ ಈ ವಿಜ್ಞಾನದ ಮೇಲೆ ಗೌರವವಿರುವುದು ಅದು ತಪ್ಪು ಮಾಡಿಲ್ಲ ಎಂಬುದಕ್ಕಲ್ಲ. ತಪ್ಪಿನ ಲೆಕ್ಕವನ್ನು ತಾನೇ ಇಟ್ಟುಕೊಂಡಿದೆ ಎಂಬುದಕ್ಕೆ.

ಬಲೆಯನ್ನು ನಂಬದಿದ್ದರೆ ಇನ್ನೇನನ್ನು ನಂಬುವುದು? ನನಗೆ ಬಲು ಇಷ್ಟವಾದ ಸಾಕ್ಷಿ ಮೀನಿನ ತಲೆಯೊಳಗಿದೆ. ಅದರ ಕಿವಿಯಲ್ಲಿ ಸುಣ್ಣದಂಶದ ಒಂದು ಪುಟ್ಟ ಬಿಳಿ ಕಲ್ಲಿರುತ್ತದೆ, ಹೆಸರು ಓಟೋಲಿತ್. ಕಾಡ್ ಮೀನಿನದಾದರೆ ಹುರುಳಿಕಾಯಿಯೊಳಗಿನ ಕಾಳಿನಂತೆ ಉದ್ದುದ್ದ, ಅಂಚು ಕಚ್ಚುಕಚ್ಚು. ಅಡ್ಡಕ್ಕೆ ಮುರಿದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದಲ್ಲಿರುವಂಥ ಉಂಗುರಗಳು ಕಾಣುತ್ತವೆ. ಚೆನ್ನಾಗಿ ಬೆಳೆದ ಕಾಲದ್ದೊಂದು ಅಗಲ ಪಟ್ಟೆ, ಬೆಳವಣಿಗೆ ನಿಧಾನವಾದ ಕಾಲದ್ದೊಂದು ಕಿರಿದು ಪಟ್ಟೆ, ಎರಡೂ ಸೇರಿ ಒಂದು ವರ್ಷ. ಮರಿಯಾಗಿದ್ದಾಗಿನ ದಿನಗಳೂ ಕೆಲವು ಮೀನುಗಳಲ್ಲಿ ಗೆರೆಗೆರೆಯಾಗಿ ಉಳಿದಿರುತ್ತವೆ. ಒಬ್ಬರು ಓದಿದ್ದನ್ನು ಇನ್ನೊಬ್ಬರು ಮೊದಲನೆಯವರ ಉತ್ತರ ನೋಡದೆ ಓದಿ ತಾಳೆ ಹಾಕುತ್ತಾರೆ. ಪ್ರತಿ ವರ್ಷ, ಅದೇ ಬಲೆ, ಅದೇ ವೇಗ, ಮೀನಿದ್ದರೂ ಇಲ್ಲದಿದ್ದರೂ ಚೀಟಿ ಎತ್ತಿದಂತೆ ಆರಿಸಿದ ಜಾಗಗಳಲ್ಲಿ ಸಮೀಕ್ಷೆಯ ಹಡಗು ಎಳೆದು ತಂದ ಮೀನಿನ ಕಲ್ಲುಗಳನ್ನು ಹೀಗೆ ಓದುತ್ತಾ ಹೋದರೆ ಆ ಮೀನಿನ ಜನಗಣತಿಯೇ ಕೈಗೆ ಬರುತ್ತದೆ. ಮೂರು ವರ್ಷದವು ಎಷ್ಟು, ನಾಲ್ಕು ವರ್ಷಕ್ಕೆ ಬರುವ ಹೊತ್ತಿಗೆ ಅವುಗಳಲ್ಲಿ ಎಷ್ಟು ಉಳಿದವು, ಎಂಟು ದಾಟಿದವು ಇವೆಯೇ ಇಲ್ಲವೇ. ಮುದಿ ಮೀನುಗಳೇ ಕಾಣದಿದ್ದರೆ, ಬಲೆ ಎಷ್ಟೇ ಭಾರವಾಗಿರಲಿ, ಎಚ್ಚರಗೊಳ್ಳಬೇಕು.

ಏಕೆಂದರೆ ಮೊಟ್ಟೆಯ ಲೆಕ್ಕ ತೂಕದ ಲೆಕ್ಕದಂತೆ ಸಾಗುವುದಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 342 ಜಾತಿಯ ಮೀನುಗಳನ್ನು ಪರಿಶೀಲಿಸಿ ಹೇಳಿದ್ದು ಇದು: 30 ಕಿಲೋ ತೂಗುವ ಒಂದು ಹೆಣ್ಣು ಕಾಡ್, ತಲಾ 2 ಕಿಲೋದ 28 ಹೆಣ್ಣು ಮೀನುಗಳೆಲ್ಲ ಸೇರಿ ಇಡುವುದಕ್ಕಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಆ 28 ಸೇರಿದರೆ 56 ಕಿಲೋ! "ಮರಿಗಳನ್ನು ಬಿಡಿ, ದೊಡ್ಡದನ್ನು ಹಿಡಿಯಿರಿ" ಎಂದು ನಾನೂ ಬಹಳ ಕಾಲ ಹೇಳಿಕೊಂಡು ತಿರುಗಿದ್ದೆ. ಬಲೆಯ ಕಣ್ಣು ದೊಡ್ಡದಿರಬೇಕೆಂಬುದು ಈಗಲೂ ಸರಿಯೇ, ಆದರೆ ಅಜ್ಜಿಯರನ್ನೆಲ್ಲ ಹೊತ್ತೊಯ್ಯುವ ನಿಯಮ ಅರ್ಧ ನಿಯಮ. ಕೆಲವು ಕಡೆ ಕನಿಷ್ಠ ಗಾತ್ರದ ಜೊತೆಗೆ ಗರಿಷ್ಠ ಗಾತ್ರದ ಮಿತಿಯನ್ನೂ ಇಡುವುದು ಇದಕ್ಕಾಗಿಯೇ.

ಇನ್ನು ಅಸಲು-ಬಡ್ಡಿಯ ಹೋಲಿಕೆ. ಕಡಲಲ್ಲಿರುವ ಮೀನು ಅಸಲು, ವರ್ಷವರ್ಷ ಹೊಸದಾಗಿ ಬೆಳೆಯುವುದು ಬಡ್ಡಿ, ಅಸಲು ಮುಟ್ಟದೆ ಬಡ್ಡಿ ಮಾತ್ರ ತಿನ್ನಬೇಕು ಎಂದು ಎಲ್ಲರೂ ಹೇಳುತ್ತಾರೆ. ಈ ಹೋಲಿಕೆ ನನಗೆ ಅಷ್ಟಕ್ಕಷ್ಟೇ. ಬ್ಯಾಂಕಿನಲ್ಲಿ ಅಸಲು ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ಮೀನಿನಲ್ಲಿ ಹಾಗಿಲ್ಲ. ಯಾರೂ ಮುಟ್ಟದ ಕಡಲಿನಲ್ಲಿ ಹುಟ್ಟು, ಬೆಳವಣಿಗೆ, ಸಾವು ಹೆಚ್ಚೂಕಡಿಮೆ ಸರಿದೂಗಿ ಬಡ್ಡಿ ಸೊನ್ನೆಗೆ ಹತ್ತಿರ. ಸ್ವಲ್ಪ ತೆಳುವಾದರೆ ಉಳಿದವಕ್ಕೆ ಆಹಾರ ಸಿಕ್ಕಿ ಬೆಳವಣಿಗೆ ಚುರುಕಾಗುತ್ತದೆ. ಸರಳ ಗಣಿತದ ಪ್ರಕಾರ, ಮೊದಲಿನ ಅರ್ಧದಷ್ಟು ಉಳಿದಾಗ ಅತಿ ಹೆಚ್ಚು ಗಿಟ್ಟುತ್ತದೆ. ಈ "ಗರಿಷ್ಠ ಸುಸ್ಥಿರ ಇಳುವರಿ" 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನಲ್ಲೂ ಜಾಗ ಪಡೆದಿದೆ. ತೊಂದರೆಯೆಂದರೆ ಆ ಶಿಖರದ ತುದಿಯಲ್ಲಿ ನಿಂತವನಿಗೆ ಗಾಳಿ ಬೀಸಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ಪೆರುವಿನಲ್ಲಿ 1970ರ ಹೊತ್ತಿಗೆ ವರ್ಷಕ್ಕೆ 1 ಕೋಟಿ 20 ಲಕ್ಷ ಟನ್ ಮೀರಿ ಆಂಚೊವೆಟಾ ಎಂಬ ಪುಟ್ಟ ಮೀನನ್ನು ಹಿಡಿಯುತ್ತಿದ್ದರು. 1972ರಲ್ಲಿ ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರವನ್ನು ಬೆಚ್ಚಗಾಗಿಸುವ ಎಲ್ ನಿನೊ ಬಂದು ನೀರು ಬಿಸಿಯಾಯಿತು. 1973ರಲ್ಲಿ ಸಿಕ್ಕಿದ್ದು ಸುಮಾರು 20 ಲಕ್ಷ ಟನ್.

ಹಾಗಾಗಿ ಗುರಿಯನ್ನು ಶಿಖರಕ್ಕಿಂತ ಈಚೆಗೇ ಇಡಬೇಕೆನ್ನುವ ಗುಂಪಿನವನು ನಾನು. ಇಷ್ಟಕ್ಕಿಂತ ಕೆಳಗೆ ಮೀನು ಕುಸಿದರೆ ಹಿಡಿಯುವ ಪ್ರಮಾಣ ಇಷ್ಟು ಇಳಿಯಬೇಕು ಎಂಬ ನಿಯಮವನ್ನು, ಎಲ್ಲರ ತಲೆ ತಣ್ಣಗಿರುವಾಗಲೇ ಬರೆದಿಡಬೇಕು. ಸಂಕಟ ಬಂದ ಮೇಲೆ ಸಭೆ ಕರೆದರೆ ಅದು ಚೌಕಾಶಿಯಾಗುತ್ತದೆ, ಚೌಕಾಶಿಗೆ ಮೀನು ಬರುವುದಿಲ್ಲ. ನಾರ್ವೆ, ರಷ್ಯಾ ಹಂಚಿಕೊಳ್ಳುವ ಬ್ಯಾರೆಂಟ್ಸ್ ಸಮುದ್ರದ ಕಾಡ್‌ಗೆ ಇಂಥ ನಿಯಮವಿದೆ. 2013ರಲ್ಲಿ ಅಲ್ಲಿನ ಕೋಟಾ 10 ಲಕ್ಷ ಟನ್ ಇತ್ತು, 2025ಕ್ಕೆ 3 ಲಕ್ಷ 40 ಸಾವಿರಕ್ಕೆ ಇಳಿಯಿತು. ಹಡಗಿನವರಿಗೆ ಕಹಿಯೇ, ಆದರೆ ಬಾಗಿಲು ಮುಚ್ಚಿಲ್ಲ.

ನ್ಯೂಫೌಂಡ್‌ಲ್ಯಾಂಡಿನಲ್ಲಿ ಆ ನಿಷೇಧ ತೆರವಾದದ್ದು 2024ರಲ್ಲಿ, 32 ವರ್ಷಗಳ ನಂತರ. ಅದರ ಹಿಂದಿನ ವರ್ಷ ವಿಜ್ಞಾನಿಗಳು 1954ರಿಂದೀಚಿನ ಹಳೆಯ ಅಂಕಿಗಳನ್ನೂ ಸೇರಿಸಿ ಲೆಕ್ಕವನ್ನು ಹೊಸದಾಗಿ ಹಾಕಿದಾಗ, ಮೀನು ಇದಕ್ಕಿಂತ ಕೆಳಗಿಳಿದರೆ ಅಪಾಯ ಎಂದು ಸೂಚಿಸುವ ಗೆರೆಯೇ ಕೆಳಗೆ ಸರಿದಿತ್ತು. ಮೀನು ಇದ್ದಷ್ಟೇ ಇತ್ತು, ಗೆರೆ ಮಾತ್ರ ಅದರ ಕೆಳಗೆ ಬಂದಿತ್ತು. ಇದು ಜಾಣತನವೋ ಆತುರವೋ ಎಂದು ಅಲ್ಲಿ ಜಗಳ ಇನ್ನೂ ನಡೆದೇ ಇದೆ. ಮೊದಲ ವರ್ಷಕ್ಕೆ ಕೊಟ್ಟ ಕೋಟಾ 18,000 ಟನ್.