ಸರ್ವರ್ ಬಿದ್ದಿದ್ದಾನೆ, ನಾಳೆ ಬನ್ನಿ

ನಮ್ಮ ಚಿಕ್ಕಪ್ಪ ಮುಂಬಯಿಯ ಮಾಟುಂಗಾದ ಹೋಟೆಲೊಂದರಲ್ಲಿ ನಲವತ್ತು ವರ್ಷ ದುಡಿದವರು. ಲೋಟ ತೊಳೆಯೋದರಿಂದ ಶುರು ಮಾಡಿ ಗಲ್ಲಾದವರೆಗೆ ಬಂದರು. ಈಗ ಡೊಂಬಿವಲಿಯಲ್ಲಿ ಪೆನ್ಷನ್ ತಗೊಂಡು ಆರಾಮಾಗಿದ್ದಾರೆ. ಆರಾಮು ಅಂದರೆ, ನವೆಂಬರ್ ಬರುವ ತನಕ. ನವೆಂಬರಿನಲ್ಲಿ ತಾನಿನ್ನೂ ಸತ್ತಿಲ್ಲ ಅಂತ ಅವರು ರುಜುವಾತು ಮಾಡಬೇಕು.

ಅದಕ್ಕಂತ ಪೆನ್ಷನ್ ಕಚೇರಿಗೆ ಹೋದರು. ಕೌಂಟರಿನ ಹುಡುಗ ತಲೆ ಎತ್ತದೆ ಮರಾಠಿಯಲ್ಲಿ, "ಸರ್ವರ್ ಡೌನ್ ಆಹೇ, ಉದ್ಯಾ ಯಾ" ಅಂದ. ಸರ್ವರ್ ಬಿದ್ದಿದೆ, ನಾಳೆ ಬನ್ನಿ ಅಂತ.

ಚಿಕ್ಕಪ್ಪನಿಗೆ ಗಾಬರಿ. ಮನೆಗೆ ಬಂದು ನನ್ನನ್ನು ಕೇಳಿದರು, "ಅಲ್ಲ ಮಾರಾಯ, ಒಬ್ಬ ಸರ್ವರ್ ಬಿದ್ದರೆ ಇನ್ನೊಬ್ಬನನ್ನು ಹಾಕ್ಲಿಕ್ಕೆ ಎಂತ ಕಷ್ಟ? ಭಾನುವಾರದ ರಶ್ಶಿನಲ್ಲಿ ನಮ್ಮಲ್ಲಿ ಇಬ್ಬರು ರಜೆ ಹಾಕಿದರೂ ಮಸಾಲೆದೋಸೆ ನಿಲ್ಲಲಿಲ್ಲ."

ನಗಬೇಡಿ. ಅವರಿಗೆ ಅರ್ಥವಾದಷ್ಟು ಆ ಹುಡುಗನಿಗೂ ಆಗಿರಲಿಕ್ಕಿಲ್ಲ. ನಿಮ್ಮ ಫೋನು ಗಿರಾಕಿ. ಅದು ಆರ್ಡರ್ ಕೊಡುತ್ತದೆ. ಎಲ್ಲೋ ದೂರದಲ್ಲಿರುವ ಸರ್ವರ್ ಅನ್ನೋ ಕಂಪ್ಯೂಟರ್ ಕೇಳಿದ್ದನ್ನು ತಂದಿಡುತ್ತದೆ. ಇಂಟರ್ನೆಟ್ ಅನ್ನೋದು ಇಷ್ಟೇ. ಒಂದು ಬಿದ್ದರೆ ಇನ್ನೊಂದು ಕೆಲಸ ಹಿಡಿಯುವ ಹಾಗೆ ಇಟ್ಟಿರೋದೂ ಉಂಟು. ಚಿಕ್ಕಪ್ಪ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಅವರಿಗೆ ಕಲಿಸೋಣ ಅಂತ ಹತ್ತಿರದ ಹಾಲಿನಲ್ಲಿ ನಡೆದ ಒಂದು ಶಿಬಿರಕ್ಕೆ ಕರೆದುಕೊಂಡು ಹೋದೆ. ಕಂಪ್ಯೂಟರ್ ಒಂದು, ಶಾಲು ಎಂಟು. ಭಾಷಣ ಒಂದೂವರೆ ಗಂಟೆ, ಪಾಠ ಇಪ್ಪತ್ತು ನಿಮಿಷ. ಕೈಗೊಂದು ಹಾಳೆ ಕೊಟ್ಟರು: ಗಣಕಯಂತ್ರ, ಯಂತ್ರಾಂಶ, ತಂತ್ರಾಂಶ. ಚಿಕ್ಕಪ್ಪ ಕನ್ನಡಕ ಸರಿ ಮಾಡಿಕೊಂಡು ಓದಿ, ಮೆಲ್ಲಗೆ ನನ್ನ ಕಿವಿಯಲ್ಲಿ, "ಯಂತ್ರ ಆಯ್ತು, ತಂತ್ರ ಆಯ್ತು. ಮಂತ್ರದವ ಯಾವಾಗ ಬರ್ತಾನೆ?" ಅಂದರು. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟು. ಮೌಸ್ ಮುಟ್ಟಿದವರು ಮೂರೇ ಜನ.

ಪಾಠ ನಡೆದದ್ದು ನಮ್ಮ ಅಡುಗೆಮನೆಯಲ್ಲಿ. ಕುಕ್ಕಿ ಅಂದರೇನು ಅಂತ ಕೇಳಿದರು. ದಿನಾ ಬರುವ ಗಿರಾಕಿಯ ಕೈಗೆ 'ಸಕ್ಕರೆ ಕಮ್ಮಿ' ಅಂತ ಒಂದು ಚೀಟಿ ಕೊಟ್ಟು ಕಳಿಸೋದು, ಮತ್ತೆ ಬಂದಾಗ ಅದನ್ನು ನೋಡಿ ಗುರುತು ಹಿಡಿಯೋದು, ವೆಬ್‌ಸೈಟುಗಳು ನಮ್ಮ ಫೋನಿನಲ್ಲಿ ಇಡುವ ಚೀಟಿಯೂ ಹಾಗೆಯೇ ಅಂದೆ. 1994ರಲ್ಲಿ ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಕಂಪನಿಯವರು ಶುರು ಮಾಡಿದ್ದು. "ಅದಕ್ಕೆ ಚೀಟಿ ಎಂತಕ್ಕೆ, ಮುಖ ನೋಡಿದರೆ ಸಾಲದಾ?" ಅಂದರು. ಕಂಪ್ಯೂಟರಿನವರ ಕ್ಯಾಶ್ ಅಂದಾಗ ಅವರ ಕೈ ಇಲ್ಲದ ಗಲ್ಲಾದ ಕಡೆ ಹೋಯಿತು. ದುಡ್ಡಲ್ಲ ಚಿಕ್ಕಪ್ಪ, ಮತ್ತೆ ಮತ್ತೆ ಬೇಕಾಗೋದನ್ನು ಹತ್ತಿರವೇ ತೆಗೆದಿಡೋದು, ಬೆಳಗ್ಗೆಯೇ ಇಳಿಸಿಟ್ಟ ಡಿಕಾಕ್ಷನ್ ಹಾಗೆ. ಪ್ರತಿ ಕಾಫಿಗೂ ಹೊಸದಾಗಿ ಪುಡಿ ಹಾಕ್ತಾ ಕೂರಬೇಕಾಗಿಲ್ಲ. ತಕ್ಷಣ ಅರ್ಥವಾಯಿತು. ಕ್ಲೌಡ್ ಮಾತ್ರ ಕಷ್ಟ. ನಮ್ಮ ಫೋಟೋ ಎಲ್ಲ ಮೋಡದಲ್ಲಿ ಇದೆ ಅಂದದ್ದೇ, ಮುಂಬಯಿಯ ಜುಲೈ ತಿಂಗಳು ನೋಡಿದವರು ಗಾಬರಿಯಾಗದೆ ಇರುತ್ತಾರಾ? ಆ ಮೋಡ ಆಕಾಶದಲ್ಲಿಲ್ಲ, ಅದೂ ಸರ್ವರ್‌ಗಳೇ, ನವಿ ಮುಂಬಯಿಯ ಐರೋಲಿ, ಮಹಾಪೆ ಕಡೆ ಹೋದರೆ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಏಸಿ ಹಾಕಿಕೊಂಡು ಕೂತಿದೆ ಅಂತ ಸಮಾಧಾನ ಮಾಡಿದೆ.

ಎರಡನೇ ಸಲ ಕೌಂಟರಿಗೆ ಹೋದಾಗ ಸರ್ವರ್ ಎದ್ದಿತ್ತು. ಈಗ ಬೆರಳು ಕೈಕೊಟ್ಟಿತು. ನಲವತ್ತು ವರ್ಷ ಬಿಸಿ ಪಾತ್ರೆ ಹಿಡಿದ ಹೆಬ್ಬೆರಳು, ಸವೆದ ನಾಣ್ಯದ ಹಾಗೆ ನುಣ್ಣಗಾಗಿದೆ. ಮಷೀನಿನಲ್ಲಿ ಒತ್ತಿದರು, ಒರೆಸಿ ಒತ್ತಿದರು, ತಲೆಗೂದಲಿಗೆ ಉಜ್ಜಿ ಒತ್ತಿದರು. ಮ್ಯಾಚ್ ಆಗಲಿಲ್ಲ. ಮನುಷ್ಯ ಎದುರಿಗೆ ನಿಂತು ಬೆವರುತ್ತಿದ್ದರೂ ಸ್ಕ್ರೀನಿನ ಪ್ರಕಾರ ಅವರು ಇಲ್ಲ.

ಕಚೇರಿಗೆ ಅಲೆಯೋದು ತಪ್ಪಲಿ ಅಂತಲೇ 2014ರಲ್ಲಿ ಈ ಜೀವಂತ ಪ್ರಮಾಣಪತ್ರ ಡಿಜಿಟಲ್ ಆಗಿದ್ದು. 2021ರಿಂದ ಫೋನಿಗೆ ಮುಖ ತೋರಿಸಿಯೂ ಮಾಡಬಹುದು. ಕೌಂಟರಿನಲ್ಲಿ ಇದನ್ನು ಯಾರೂ ಹೇಳಲಿಲ್ಲ. ನಾವೇ ಮನೆಯಲ್ಲಿ ಮಾಡಿದೆವು. ಚಿಕ್ಕಪ್ಪ ಒಮ್ಮೆ ಕಣ್ಣು ಮಿಟುಕಿಸಿದರು, ಫೋನು ಬದುಕಿದ್ದಾರೆ ಅಂತ ಒಪ್ಪಿಕೊಂಡಿತು. ಆ ಖುಷಿಯನ್ನು ಹೇಳೋಕೆ ಹೋದರೆ ಕೌಂಟರಿನ ಹುಡುಗ, "ಛಾನ್. ಪ್ರಿಂಟ್ ತೆಗೆದು ಎರಡು ಝೆರಾಕ್ಸ್ ತನ್ನಿ, ಸಹಿ ಹಾಕಿ" ಅಂದ.

ಸಿಟ್ಟಿಳಿಯಲಿ ಅಂತ ಸ್ಟೇಷನ್ ಹತ್ತಿರ ಹೊಸ ಹೋಟೆಲಿಗೆ ಹೊಕ್ಕೆವು. ಮೆನು ಕಾರ್ಡಿಲ್ಲ, ಮೇಜಿಗೆ ಅಂಟಿಸಿದ ಕ್ಯೂಆರ್ ಕೋಡು. ಪಕ್ಕದಲ್ಲೇ ಮೂರು ಹುಡುಗರು ಕೈ ಕಟ್ಟಿ ನಿಂತಿದ್ದರು. ಒಬ್ಬ ಊರ ಕಡೆಯವನೇ.

"ಎರಡು ಕಾಫಿ ಕೊಡು ಮಗಾ," ಅಂದರು ಚಿಕ್ಕಪ್ಪ.

"ಸ್ಕ್ಯಾನ್ ಮಾಡಿ ಆರ್ಡರ್ ಹಾಕ್ಬೇಕು ಅಜ್ಜ. ಆದ್ರೆ ಈಗ ಆಗುದಿಲ್ಲ, ಸರ್ವರ್ ಡೌನ್ ಉಂಟು."

ಚಿಕ್ಕಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ನಿಂತೇ ಇದ್ದಿಯಲ್ಲ ಮಾರಾಯ!"