ಸತ್ಯಾಂಶ: ಸಿಗರೇಟ್ ಕಾರ್ಡಿನಲ್ಲಿ ಚಿತ್ರವಿದ್ದರೆ ಒಪ್ಪಿಗೆ ಇತ್ತು ಅಂತಲ್ಲ

ಹಳೆಯ ಸಿಗರೇಟ್ ಕಾರ್ಡೊಂದರ ಫೋಟೊ ಹಾಕಿ, 'ಅಮೆರಿಕದ ನಾಯಕರು ಆಗಲೇ ದುಡ್ಡು ತೆಗೆದುಕೊಂಡು ತಂಬಾಕಿನ ಜಾಹೀರಾತಿಗೆ ಮುಖ ಕೊಟ್ಟಿದ್ದರು' ಎಂಬ ಫಾರ್ವರ್ಡ್ ಓಡಾಡುತ್ತಿದೆ. ಕಾರ್ಡ್ ಅಸಲಿಯೇ ಇರಬಹುದು. ಆದರೆ ಅದರಿಂದ ಈ ಮಾತು ಸಾಬೀತಾಗುವುದಿಲ್ಲ.

1880ರ ದಶಕದಲ್ಲಿ ಸಿಗರೇಟ್ ಬರುತ್ತಿದ್ದದ್ದು ತೆಳು ಕಾಗದದ ಪೊಟ್ಟಣದಲ್ಲಿ. ಒಳಗಿನ ಸಿಗರೇಟ್ ಮುರಿಯದಿರಲಿ ಎಂದು ಒಂದು ದಪ್ಪ ರಟ್ಟಿನ ಚೂರು ಇಡುತ್ತಿದ್ದರು. ಅದು ಸುಮ್ನೆ ಖಾಲಿ ಯಾಕಿರಬೇಕು, ಅಲ್ವಾ? ಮುಂದೆ ಬಣ್ಣದ ಚಿತ್ರ, ಹಿಂದೆ ಕಂಪನಿಯ ಹೆಸರು, ಜೊತೆಗೆ ಆ ಸರಣಿಯ ಉಳಿದ ಕಾರ್ಡುಗಳ ಪಟ್ಟಿ. ಪಟ್ಟಿ ನೋಡಿದವರು ಪೂರ್ತಿ ಸರಣಿಗಾಗಿ ಮತ್ತೆ ಪೊಟ್ಟಣ ಕೊಳ್ಳಲಿ ಎಂಬುದೇ ಲೆಕ್ಕಾಚಾರ. ಆಟಗಾರರು, ನಟಿಯರು, ಹಕ್ಕಿಗಳು, ರಾಜರು, ಸೇನಾಪತಿಗಳು, ಚುನಾವಣೆ ವರ್ಷದಲ್ಲಿ ರಾಜಕಾರಣಿಗಳು, ಯಾವುದಾದರೂ ಸರಿ. ಅಮೆರಿಕದ ತಂಬಾಕು ಕಂಪನಿ ಡ್ಯೂಕ್ 1888ರಲ್ಲಿ ಆ ದೇಶದ ಅಧ್ಯಕ್ಷ ಪದವಿಗೆ ಹೆಸರು ಕೇಳಿಬರುತ್ತಿದ್ದವರದೇ ಒಂದು ಸರಣಿ ತಂದಿತು.

ಒಪ್ಪಿಗೆಯ ಮಾತಿಗೆ ಬಂದರೆ, ಆಗಿನ ಅಮೆರಿಕದ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರ ಹೆಂಡತಿ ಫ್ರಾನ್ಸಿಸ್ ಅವರ ಕಥೆ ನೋಡಿ. ಅವರನ್ನು ಒಂದು ಮಾತೂ ಕೇಳದೆ ವ್ಯಾಪಾರಿಗಳು ಅವರ ಚಿತ್ರವನ್ನು ಕಂಡಕಂಡ ಸರಕಿಗೆಲ್ಲ ಹಾಕಿಕೊಂಡರು. ಇದು ನಿಜಕ್ಕೂ ಅನ್ಯಾಯ. ಹೆಂಗಸರ ಚಿತ್ರವನ್ನು ಹೀಗೆ ಬಳಸದಂತೆ ತಡೆಯಲು 1888ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಸೂದೆಯೊಂದು ಬಂತು, ಪಾಸಾಗಲಿಲ್ಲ. ಲಿಖಿತ ಒಪ್ಪಿಗೆ ಇಲ್ಲದೆ ಬದುಕಿರುವವರ ಚಿತ್ರವನ್ನು ಜಾಹೀರಾತಿಗೆ ಬಳಸಬಾರದು ಎಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿದ್ದು 1903ರಲ್ಲಿ.